ಹದಿನೇಳು ಎಲ್ಲಿ ಹೋಯ್ತು? ನಮ್ಮ ಮೂರು ತಾಲ್ಲೂಕಿನ ಹೆದ್ದಾರಿ ನಂಬರುಗಳ ಕಥೆ

ಭಟ್ಕಳ, ಹೊನ್ನಾವರ, ಕುಮಟಾ. ಈ ಮೂರು ತಾಲ್ಲೂಕಿನಲ್ಲಿ ಹೆದ್ದಾರಿಗೆ ತಾಗಿ ಗದ್ದೆಯೋ ತೋಟವೋ ಇದ್ದವರು ಒಮ್ಮೆ ಮನೆಯ ಹಳೆ ಕಾಗದದ ಕಟ್ಟು ಬಿಚ್ಚಿ ನೋಡಿ. ನಮ್ಮ ಮನೆಯ ಕಟ್ಟಿನಲ್ಲಿ ಅಜ್ಜನ ಕಾಲದ ಪಾಲುಪತ್ರ ಇದೆ. ಅದರ ಚಕ್ಕುಬಂದಿಯಲ್ಲಿ ‘ಪಡುವಕ್ಕೆ ಸರಕಾರಿ ಸಡಕು’ ಅಂತ ಬರೆದಿದ್ದಾರೆ. ಅಪ್ಪನ ಕಾಲದ ಕಾಗದದಲ್ಲಿ ಅದೇ ರಸ್ತೆ ‘ರಾ.ಹೆ. 17’. ನನ್ನ ಕಾಲಕ್ಕೆ ಬಂದ ಕಾಗದದಲ್ಲಿ ‘ರಾ.ಹೆ. 66’. ರಸ್ತೆ ಮಾತ್ರ ಅದೇ. ಅಗಲ ಆಗಿದೆ, ಎತ್ತರ ಆಗಿದೆ, ನಮ್ಮ ಗದ್ದೆಯ ಅಂಚು ತಿಂದಿದೆ, ಆದ್ರೆ ಜಾಗ ಬಿಟ್ಟು ಹೋಗಲಿಲ್ಲ.

ನಂಬರು ಬದಲಾದ್ರೆ ನಮಗೇನು, ಬಸ್ಸು ಬರ್ತದಲ್ಲ ಅಂತ ಕೇಳಬಹುದು. ಬಸ್ಸಿಗೆ ನಂಬರು ಬೇಡ. ಭೂಸ್ವಾಧೀನದ ನೋಟೀಸಿಗೆ ಬೇಕು. ಮೋರಿ ಕಟ್ಟಿಕೊಂಡು ಗದ್ದೆಯಲ್ಲಿ ನೀರು ನಿಂತಾಗ ಯಾವ ಆಫೀಸಿಗೆ ಅರ್ಜಿ ಕೊಡಬೇಕು ಅನ್ನೋದಕ್ಕೂ ಬೇಕು. ಹಾಗಾಗಿ ನಾನು ತಿಳಿದುಕೊಂಡ ಮಟ್ಟಿಗೆ ಈ ನಂಬರುಗಳ ಇತಿಹಾಸ ಒಂದು ಕಡೆ ಬರೆದಿಡ್ತಿದ್ದೇನೆ. ಸ್ವಲ್ಪ ಉದ್ದ ಆಯ್ತು. ಮಳೆಗಾಲದಲ್ಲಿ ಮಧ್ಯಾಹ್ನ ಊಟ ಆದ್ಮೇಲೆ ಓದಿ.

ನಂಬರು ಇಲ್ಲದ ಕಾಲದಿಂದ ಶುರು ಮಾಡುವ. 1862ರಲ್ಲಿ ಬ್ರಿಟಿಷರು ನಮ್ಮ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಜಿಲ್ಲೆಯನ್ನು ಹೀಗೆ ಮುಂಬಯಿಗೆ ಕೊಡಲಿಕ್ಕೆ ಒಂದು ದೊಡ್ಡ ಕಾರಣ ಹತ್ತಿ. ಧಾರವಾಡದ ಕಡೆಯ ಹತ್ತಿ ಮುಂಬಯಿಗೆ ಹೋಗಬೇಕಾದ್ರೆ ಘಟ್ಟ ಇಳಿದು ಸಮುದ್ರಕ್ಕೆ ಬರಬೇಕಿತ್ತು. ಗಾಡಿಗಳ ಸಾಲು ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು, ಕುಮಟಾಕ್ಕೆ ಬರ್ತಿತ್ತು. ಕುಮಟಾದಲ್ಲಿ ಹಡಗಿಗೆ ಹೇರ್ತಿದ್ದರು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಸಿಗದೆ, ನಮ್ಮ ದೇಶದ ಹತ್ತಿಗೆ ರೇಟು ಏರಿತು. ಆಗ ಕುಮಟಾ ಬಂದರಿನ ಹೆಸರು ಲಿವರ್‌ಪೂಲ್ ಮಾರುಕಟ್ಟೆಗೂ ಗೊತ್ತು.

ತಮಾಷೆ ಏನಂದ್ರೆ ಆ ಹತ್ತಿಯ ಜಾತಿಗೇ ‘ಕುಮಟಾ ಹತ್ತಿ’ ಅಂತ ಹೆಸರು ಬಿತ್ತು. ಕುಮಟಾದಲ್ಲಿ ಹತ್ತಿ ಎಲ್ಲಿ ಬೆಳೀತದೆ ಮಾರಾಯ್ರೆ? ಇಲ್ಲಿ ಭತ್ತ, ತೆಂಗು, ಗಜನಿಯಲ್ಲಿ ಕಗ್ಗ, ಅಳ್ವೆಕೋಡಿ ಕಡೆ ಈರುಳ್ಳಿ. ಹತ್ತಿ ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ಮಾತ್ರ ಹಡಗು ಹತ್ತಿದ ಊರಿನದ್ದು. ಕೊಳ್ಳುವವನು ಎಲ್ಲಿ ನಿಂತು ನೋಡ್ತಾನೋ ಅಲ್ಲಿಂದ ಹೆಸರು ಹುಟ್ತದೆ. ಈ ಮಾತು ನೆನಪಿಡಿ, ರಸ್ತೆಯ ನಂಬರಿಗೂ ಇದೇ ಲೆಕ್ಕ.

1880ರ ದಶಕದಲ್ಲಿ ಗೋವಾದ ಮರ್ಮಗೋವಾ ಬಂದರಿಗೆ ಘಟ್ಟ ಹತ್ತಿ ರೈಲು ಬಂತು. ಬಯಲುಸೀಮೆಯ ಹತ್ತಿ ರೈಲಿಗೆ ತಿರುಗಿತು, ಕುಮಟಾದ ವ್ಯಾಪಾರ ಇಳೀತು. ಆದ್ರೆ ಗಾಡಿಗಾಗಿ ಮಾಡಿದ ಘಟ್ಟದ ರಸ್ತೆ ಉಳೀತು. ಹೊನ್ನಾವರದಿಂದ ಗೇರುಸೊಪ್ಪೆ ಮೇಲೆ ಜೋಗದ ಕಡೆ ಹತ್ತುವ ದಾರಿಯೂ ಹಳೆಯದ್ದೇ. ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ಅದು. ಅಂದ್ರೆ ನಮ್ಮ ಕಡೆ ಹಳೆ ದೊಡ್ಡ ದಾರಿ ಎಲ್ಲ ಮೇಲಿಂದ ಕೆಳಗೆ, ಘಟ್ಟದಿಂದ ಸಮುದ್ರಕ್ಕೆ. ಉದ್ದಕ್ಕೆ, ಅಂದ್ರೆ ಕಾರವಾರದಿಂದ ಮಂಗಳೂರಿಗೆ, ಹೋಗುವುದು ಕಷ್ಟ. ಗಂಗಾವಳಿ, ಅಘನಾಶಿನಿ, ಶರಾವತಿ ಅಂತ ಒಂದೊಂದು ಹೊಳೆಗೂ ತಾರಿ ಕಾಯಬೇಕು. ಉದ್ದದ ಪ್ರಯಾಣ ದೋಣಿ, ಮಚವೆ, ಆಮೇಲೆ ಸ್ಟೀಮರಿನಲ್ಲಿ ಆಗ್ತಿತ್ತು.

ಉದ್ದದ ರಸ್ತೆಗೆ ಇನ್ನೊಂದು ತೊಡಕು ರಾಜ್ಯದ ಗಡಿ. 1956ರವರೆಗೆ ಭಟ್ಕಳ ದಾಟಿ ಗೊರ್ಟೆ ಆಚೆ ಶಿರೂರಿಗೆ ಕಾಲಿಟ್ಟರೆ ಮದ್ರಾಸ್. ಕಾರವಾರದ ಕಾಳಿ ಹೊಳೆ ದಾಟಿ ಸ್ವಲ್ಪ ದೂರ ಹೋದ್ರೆ ಪೋರ್ಚುಗೀಸರ ಗೋವಾ. ಘಟ್ಟ ಹತ್ತಿ ಜೋಗದ ಹತ್ತಿರ ಬಂದ್ರೆ ಮೈಸೂರು ಸಂಸ್ಥಾನ. ಒಂದೇ ಕರಾವಳಿ, ಮೂರು ಕಡೆ ಮೂರು ಸರಕಾರ. 1956ರ ನವೆಂಬರ್ 1ಕ್ಕೆ ಉತ್ತರ ಕನ್ನಡವೂ ದಕ್ಷಿಣ ಕನ್ನಡವೂ ಮೈಸೂರು ರಾಜ್ಯಕ್ಕೆ ಬಂದವು. 1961ರ ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿತು. ಆಮೇಲೆಯೇ ಮುಂಬಯಿಯಿಂದ ಕೇರಳದವರೆಗೆ ಕರಾವಳಿಯಲ್ಲಿ ಒಂದೇ ರಸ್ತೆ ಅನ್ನೋದು ಆಗುವ ಮಾತಾಯ್ತು. ಒಂದೊಂದೇ ಸೇತುವೆ ಆಗ್ತಾ ಬಂತು, ತಾರಿ ನಿಂತಿತು. ಆ ರಸ್ತೆಗೆ ಕೇಂದ್ರ ಸರಕಾರ ಕೊಟ್ಟ ನಂಬರು 17.

ಹದಿನೇಳು ಅಂದ್ರೆ ಮುಂಬಯಿ ಹತ್ತಿರದ ಪನ್ವೇಲಿನಿಂದ ಕೊಚ್ಚಿಯ ಇಡಪಳ್ಳಿಯವರೆಗೆ. ಸುಮಾರು 1,269 ಕಿಲೋಮೀಟರು. ನಮ್ಮ ಹಿರೇಗುತ್ತಿ, ಮಿರ್ಜಾನ, ದೀವಗಿ, ಕುಮಟಾ, ಧಾರೇಶ್ವರ, ಹಳದೀಪುರ, ಕರ್ಕಿ, ಹೊನ್ನಾವರ, ಕಾಸರಕೋಡ, ಮಂಕಿ, ಮುರ್ಡೇಶ್ವರ ಬಸ್ತಿ, ಶಿರಾಲಿ, ಭಟ್ಕಳ ಎಲ್ಲ ಅದರ ಮೇಲೇ. ನಮ್ಮ ತಲೆಮಾರಿನವರ ಬಾಯಲ್ಲಿ ಅದು ‘ಎನ್.ಎಚ್. ಸೆವೆಂಟೀನ್’. ಅಂಗಡಿ ಬೋರ್ಡಿನ ಮೇಲೆ, ಮದುವೆ ಕಾಗದದ ವಿಳಾಸದಲ್ಲಿ, ಬ್ಯಾಂಕಿನ ಸಾಲದ ಕಾಗದದಲ್ಲಿ ಎಲ್ಲ ಹದಿನೇಳೇ.

2010ರಲ್ಲಿ ಕೇಂದ್ರ ಸರಕಾರ ದೇಶದ ಎಲ್ಲ ರಾಷ್ಟ್ರೀಯ ಹೆದ್ದಾರಿಗಳ ನಂಬರನ್ನು ಹೊಸದಾಗಿ ಜೋಡಿಸಿತು. ಹಳೆ ಪದ್ಧತಿಯಲ್ಲಿ ನಂಬರು ನೋಡಿ ರಸ್ತೆ ದೇಶದ ಯಾವ ಮೂಲೆಯಲ್ಲಿದೆ ಅಂತ ಹೇಳಲಿಕ್ಕೆ ಬರ್ತಿರಲಿಲ್ಲ. ಹೊಸ ರಸ್ತೆ ಸೇರಿದ ಹಾಗೆ ಮುಂದಿನ ನಂಬರು, ಇಲ್ಲವೇ 4ಎ, 17ಎ ಅಂತ ಬಾಲ. ಹೊಸ ಪದ್ಧತಿಗೆ ಒಂದು ಲೆಕ್ಕ ಇದೆ. ಇದನ್ನು ಒಮ್ಮೆ ತಿಳಿದುಕೊಂಡ್ರೆ ಅರ್ಧ ಗೊಂದಲ ಹೋಗ್ತದೆ.

ಉತ್ತರ ದಕ್ಷಿಣವಾಗಿ ಹೋಗುವ ರಸ್ತೆಗೆ ಸರಿ ಸಂಖ್ಯೆ. ದೇಶದ ಪೂರ್ವ ತುದಿಯಲ್ಲಿ 2 ಅಂತ ಶುರುವಾಗಿ ಪಶ್ಚಿಮಕ್ಕೆ ಬಂದ ಹಾಗೆ ದೊಡ್ಡದಾಗ್ತದೆ. ನಾವು ಪಶ್ಚಿಮ ಕರಾವಳಿಯವರು, ಹಾಗಾಗಿ ನಮಗೆ 66.

ಪೂರ್ವ ಪಶ್ಚಿಮವಾಗಿ ಹೋಗುವ ರಸ್ತೆಗೆ ಬೆಸ ಸಂಖ್ಯೆ. ಮೇಲೆ ಕಾಶ್ಮೀರದ ಕಡೆ 1 ಅಂತ ಶುರುವಾಗಿ ದಕ್ಷಿಣಕ್ಕೆ ಇಳಿದ ಹಾಗೆ ದೊಡ್ಡದಾಗ್ತದೆ. ನಮ್ಮ ರಾಜ್ಯದಲ್ಲೇ ನೋಡಿ. ಹುಬ್ಬಳ್ಳಿ ಹೊಸಪೇಟೆ ಕಡೆಯದ್ದು 67, ಹೊನ್ನಾವರದ್ದು 69, ಮಂಗಳೂರಿನಿಂದ ಚಾರ್ಮಾಡಿ ಹತ್ತುವುದು 73, ಬಂಟ್ವಾಳದಿಂದ ಶಿರಾಡಿ ಹತ್ತುವುದು 75.

ಮೂರಂಕಿ ಇದ್ದರೆ ಅದು ಕವಲು. ಕೊನೆಯ ಎರಡಂಕಿ ತಾಯಿ ಹೆದ್ದಾರಿ, ಮೊದಲ ಅಂಕಿ ಎಷ್ಟನೇ ಕವಲು ಅಂತ. ಶಿವಮೊಗ್ಗದಿಂದ ಮಂಗಳೂರಿಗೆ ಇಳಿಯುವುದು 169, ಅಂದ್ರೆ 69ರ ಕವಲು. ಮೊದಲ ಅಂಕಿ 1ರಿಂದ 9ರವರೆಗೆ ಮಾತ್ರ ಸಿಗ್ತದೆ. ರಸ್ತೆ ಅದಕ್ಕಿಂತ ಹೆಚ್ಚಾದರೆ ಹಿಂದೆ ಒಂದು ಇಂಗ್ಲಿಷ್ ಅಕ್ಷರ ಅಂಟಿಸ್ತಾರೆ.

ಈಗ ಹೊನ್ನಾವರದಲ್ಲಿ ಎರಡು ಹೆದ್ದಾರಿ ಕೂಡುವ ಜಾಗಕ್ಕೆ ಹೋಗಿ ನಿಲ್ಲಿ. ಸಮುದ್ರಕ್ಕೆ ಸಮನಾಗಿ ಹೋಗುವುದು 66, ಸರಿ ಸಂಖ್ಯೆ. ಸಮುದ್ರಕ್ಕೆ ಬೆನ್ನು ಹಾಕಿ ಗೇರುಸೊಪ್ಪೆ ಕಡೆ ಹೊರಟದ್ದು 69, ಬೆಸ ಸಂಖ್ಯೆ. ಮಕ್ಕಳಿಗೂ ಹೀಗೆ ಹೇಳಿಕೊಟ್ಟರೆ ಮರೆಯೂದಿಲ್ಲ.

ಹದಿನೇಳು ಅರವತ್ತಾರಾದಾಗ ಉದ್ದವೂ ಬದಲಾಯ್ತು. ಹಳೆ 17 ಇಡಪಳ್ಳಿಯಲ್ಲಿ ಮುಗೀತಿತ್ತು. ಅಲ್ಲಿಂದ ಕೆಳಗೆ ಆಲಪ್ಪುಳ, ತಿರುವನಂತಪುರದ ಮೇಲೆ ಹೋಗುವುದು ಹಳೆ 47ರ ಭಾಗ. ಆ ಭಾಗವನ್ನೂ ಸೇರಿಸಿ ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಒಂದೇ 66 ಮಾಡಿದರು. ಈಗ ಸುಮಾರು 1,600 ಕಿಲೋಮೀಟರಿನ ರಸ್ತೆ.

ಇಲ್ಲಿಂದ ಗೊಂದಲ ಶುರು. ಹಳೆ ನಂಬರುಗಳು ಸತ್ತು ಹೋಗಲಿಲ್ಲ, ಬೇರೆ ಊರಿಗೆ ಮದುವೆಯಾಗಿ ಹೋದವು. 66 ಅನ್ನೋ ನಂಬರು ಮೊದಲು ಪುದುಚೇರಿಯಿಂದ ತಿರುವಣ್ಣಾಮಲೈ ಮೇಲೆ ಕೃಷ್ಣಗಿರಿಗೆ ಹೋಗುವ ರಸ್ತೆಯದ್ದು. ನಮ್ಮ 17 ಈಗ ಬಂಗಾಳ, ಅಸ್ಸಾಮಿನ ಕಡೆ ಗುವಾಹಟಿಗೆ ಹೋಗುವ ರಸ್ತೆಗಿದೆ. ಹಾಗಾಗಿ ಮೊಬೈಲಿನಲ್ಲಿ ‘ಎನ್.ಎಚ್. 17 ಪರಿಹಾರ’ ಅಂತ ಹುಡುಕಿದ್ರೆ ಅಸ್ಸಾಮಿನ ಸುದ್ದಿಯೂ ಬರಬಹುದು, ನಮ್ಮ ಹಳೆ ಸುದ್ದಿಯೂ ಬರಬಹುದು. 2010ಕ್ಕಿಂತ ಹಿಂದಿನ ಕಾಗದದಲ್ಲಿ 66 ಅಂತ ಕಂಡರೆ ಅದು ನಮ್ಮದಲ್ಲ, ತಮಿಳುನಾಡಿನದ್ದು. ಇಸವಿ ನೋಡದೆ ನಂಬರು ಓದಬಾರದು.

ನಂಬರು ಕಾಗದದಲ್ಲಿ ಬದಲಾದ ಕೂಡಲೇ ಎಲ್ಲ ಕಡೆ ಬದಲಾಗೂದಿಲ್ಲ. ನಮ್ಮ ಜಿಲ್ಲೆಯ ನಾಲ್ಕು ಪಥದ ಕೆಲಸವನ್ನೇ ನೋಡಿ. ಗೋವಾ ಗಡಿಯಿಂದ ಕುಂದಾಪುರದವರೆಗಿನ ಆ ಕಾಮಗಾರಿ 2014ರಲ್ಲಿ ಶುರುವಾಯ್ತು. ಹೊಸ ನಂಬರು ಬಂದು ನಾಲ್ಕು ವರ್ಷ ಆಗಿತ್ತು. ಆದರೂ ಯೋಜನೆಯ ಹೆಸರಿನಲ್ಲಿ ‘ರಾಷ್ಟ್ರೀಯ ಹೆದ್ದಾರಿ 17, ಕಿ.ಮೀ. 93.700ರಿಂದ ಕಿ.ಮೀ. 283.300’ ಅಂತಲೇ ಇತ್ತು. ಕಳೆದು ನೋಡಿದ್ರೆ 189.6 ಕಿಲೋಮೀಟರು. ಅತ್ತ ಬೋರ್ಡಿನಲ್ಲಿ 66, ಇತ್ತ ಯೋಜನೆಯಲ್ಲಿ 17. ಎರಡೂ ಒಂದೇ ಗದ್ದೆಯ ಮೇಲೆ ಹೋದವು.

ಇನ್ನು ಹೊನ್ನಾವರದ ರಸ್ತೆ. ಶಿವಮೊಗ್ಗ, ಅರಸೀಕೆರೆ, ತಿಪಟೂರು, ತುಮಕೂರಿಗೆ ಹೋದವರು ‘ಬಿ.ಎಚ್. ರೋಡ್’ ಅನ್ನೋ ಬೋರ್ಡು ನೋಡಿರ್ತೀರಿ. ಬೆಂಗಳೂರು ಹೊನ್ನಾವರ ರಸ್ತೆ ಅಂತ ಅದರ ಅರ್ಥ. ಘಟ್ಟದ ಮೇಲಿನವರಿಗೆ ಆ ರಸ್ತೆಯ ತುದಿ ಅಂದ್ರೆ ಹೊನ್ನಾವರ. ಅಲ್ಲಿ ಎಷ್ಟೋ ಜನ ಹೊನ್ನಾವರ ನೋಡಿಲ್ಲ, ಆದ್ರೆ ದಿನಾ ನಮ್ಮೂರಿನ ಹೆಸರಿನ ರಸ್ತೆಯಲ್ಲಿ ಓಡಾಡ್ತಾರೆ. ನಮ್ಮ ಹೊನ್ನಾವರದಲ್ಲಿ ಯಾರೂ ಅದಕ್ಕೆ ಹೊನ್ನಾವರ ರಸ್ತೆ ಅನ್ನೂದಿಲ್ಲ. ಗೇರುಸೊಪ್ಪೆ ರಸ್ತೆ ಅಂತೇವೆ, ಸಾಗರಕ್ಕೆ ಹೋಗೋ ರಸ್ತೆ ಅಂತೇವೆ. ಕುಮಟಾ ಹತ್ತಿಯ ಲೆಕ್ಕವೇ ಇಲ್ಲೂ.

ಆ ರಸ್ತೆ ರಾಷ್ಟ್ರೀಯ ಹೆದ್ದಾರಿ ಆದಾಗ ತುಮಕೂರಿನಿಂದ ಹೊನ್ನಾವರದವರೆಗೆ 206 ಅಂತ ನಂಬರು ಇತ್ತು. 2010ರ ನಂತರ 206 ಎರಡು ತುಂಡಾಯ್ತು. ಹೊನ್ನಾವರದಿಂದ ಸಾಗರ, ಶಿವಮೊಗ್ಗ, ಕಡೂರು ದಾಟಿ ಬಾಣಾವರದವರೆಗೆ 69. ಬಾಣಾವರದಿಂದ ಅರಸೀಕೆರೆ, ತಿಪಟೂರು, ತುಮಕೂರು ಭಾಗ 73ಕ್ಕೆ ಹೋಯ್ತು. 69 ಬಾಣಾವರದಲ್ಲಿ ತುಮಕೂರಿನ ದಾರಿ ಬಿಟ್ಟು ಹುಳಿಯಾರು, ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಮುಳಬಾಗಿಲು ಮೇಲೆ ಆಂಧ್ರದ ಚಿತ್ತೂರಿನ ಕಡೆ ಹೋಗ್ತದೆ. ಅಂದ್ರೆ 69 ಹಿಡಿದು ಹೊರಟರೆ ಈಗ ಬೆಂಗಳೂರು ಸಿಗೂದಿಲ್ಲ! ಅಡಿಕೆ ಲಾರಿಗೆ ಹೊಸ ಡ್ರೈವರ್ ಬಂದ್ರೆ ಇದನ್ನು ಹೇಳಿ ಕಳಿಸಿ. ಇನ್ನು 69 ಅನ್ನೋ ನಂಬರು ಮೊದಲು ನಾಗಪುರದಿಂದ ಭೋಪಾಲದ ಕಡೆ ಹೋಗುವ ರಸ್ತೆಯದ್ದು.

ಎಲ್ಲಕ್ಕಿಂತ ದೊಡ್ಡ ಗೊಂದಲ ಕುಮಟಾದಲ್ಲಿ. ಕುಮಟಾ ಶಿರಸಿ ರಸ್ತೆ, ಆ ಹತ್ತಿ ಗಾಡಿಯ ರಸ್ತೆ, ಬಹಳ ವರ್ಷ ರಾಜ್ಯ ಹೆದ್ದಾರಿ. ಅದರ ನಂಬರೂ 69! ಕತಗಾಲ, ದೇವಿಮನೆ, ರಾಗಿಹೊಸಳ್ಳಿ ಕಡೆಯವರು ಹಳೆ ಕಾಗದದಲ್ಲಿ ನೋಡಿರ್ತೀರಿ. ಪಕ್ಕದ ತಾಲ್ಲೂಕು ಹೊನ್ನಾವರದಲ್ಲಿ ರಾಷ್ಟ್ರೀಯ ಹೆದ್ದಾರಿ 69, ಇಲ್ಲಿ ರಾಜ್ಯ ಹೆದ್ದಾರಿ 69.

ಇಂಗ್ಲಿಷಿನಲ್ಲಿ ಬರೆದ್ರೆ ತೊಂದರೆ ಇಲ್ಲ. ಒಂದು ಎನ್.ಎಚ್., ಇನ್ನೊಂದು ಎಸ್.ಎಚ್. ಕನ್ನಡದಲ್ಲಿ ಚಿಕ್ಕದಾಗಿ ಬರೆದ್ರೆ? ರಾಷ್ಟ್ರೀಯ ಹೆದ್ದಾರಿಗೂ ‘ರಾ.ಹೆ.’, ರಾಜ್ಯ ಹೆದ್ದಾರಿಗೂ ‘ರಾ.ಹೆ.’! ‘ರಾ.ಹೆ. 69ರ ಬದಿಯ ಜಮೀನು’ ಅಂತ ಒಂದು ಅರ್ಜಿಯಲ್ಲಿ ಬರೆದರೆ ಓದುವವರಿಗೆ ಗೇರುಸೊಪ್ಪೆಯೋ ಕತಗಾಲವೋ ಹೇಗೆ ತಿಳೀಬೇಕು? ಒಂದು ಕೇಂದ್ರದ್ದು, ಒಂದು ರಾಜ್ಯದ್ದು. ಅರ್ಜಿ ಹೋಗುವ ಆಫೀಸೇ ಬೇರೆ. ಒಬ್ಬರು ನಮ್ಮದಲ್ಲ ಅಂತ ವಾಪಸ್ ಕಳಿಸುವುದರೊಳಗೆ ಮಳೆಗಾಲ ಮುಗಿದು ಹೋಗ್ತದೆ. ಅರ್ಜಿಯಲ್ಲಿ ರಾ.ಹೆ. ಅಂತ ಚಿಕ್ಕದು ಮಾಡಲೇ ಬೇಡಿ. ‘ರಾಷ್ಟ್ರೀಯ’ ಅಥವಾ ‘ರಾಜ್ಯ’ ಅಂತ ಪೂರ್ತಿ ಬರೆಯಿರಿ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದ್ರೆ ಇದನ್ನು ಇಟ್ಟುಕೊಳ್ಳಿ.

2010ರ ನಂತರದ ವರ್ಷಗಳಲ್ಲಿ ಕುಮಟಾ ಶಿರಸಿ ರಸ್ತೆಯೂ ರಾಷ್ಟ್ರೀಯ ಹೆದ್ದಾರಿಯಾಯ್ತು. ನಂಬರು 766ಇ. ಕುಮಟಾದಿಂದ ಶಿರಸಿ ಮೇಲೆ ಹಾವೇರಿ ಕಡೆ ಹೋಗಿ ಬೆಂಗಳೂರು ಪುಣೆ ಹೆದ್ದಾರಿಗೆ ಸೇರ್ತದೆ. ಸಾಗರಮಾಲಾ ಯೋಜನೆಯಲ್ಲಿ ಬಂದರಿಗೂ ಬಯಲುಸೀಮೆಗೂ ಸಂಪರ್ಕ ಅಂತ ಇದನ್ನು ಅಗಲ ಮಾಡಲಿಕ್ಕೆ ತೆಗೆದುಕೊಂಡದ್ದು. ನೋಡಿ, ನೂರೈವತ್ತು ವರ್ಷದ ಹಿಂದೆ ಗಾಡಿ ರಸ್ತೆ ಮಾಡಿದ್ದೂ ಇದೇ ಕಾರಣಕ್ಕೆ, ಬಯಲುಸೀಮೆಯ ಸರಕು ಬಂದರಿಗೆ ಬರಲಿ ಅಂತ. ನಂಬರು ಹೊಸದು, ಲೆಕ್ಕ ಹಳೇದು.

766ಇ ಅಂದ್ರೆ ಏನು? ಕೊನೆಯ ಎರಡಂಕಿ 66, ಅಂದ್ರೆ ಕರಾವಳಿ ಹೆದ್ದಾರಿಯ ಕುಟುಂಬ. ಬರೀ 766 ಅಂದ್ರೆ ಕೇರಳದ ಕೋಳಿಕ್ಕೋಡಿನಿಂದ ವಯನಾಡು, ಗುಂಡ್ಲುಪೇಟೆ, ಮೈಸೂರು ಮೇಲೆ ಕೊಳ್ಳೇಗಾಲಕ್ಕೆ ಹೋಗುವ ರಸ್ತೆ. ಅದರ ಹಳೆ ನಂಬರು 212. ಬಂಡೀಪುರ ಕಾಡಿನಲ್ಲಿ ರಾತ್ರಿ ಸಂಚಾರ ಬಂದ್ ಅಂತ ಸುದ್ದಿ ಬರ್ತದಲ್ಲ, ಆ ರಸ್ತೆ. ‘766ರಲ್ಲಿ ರಾತ್ರಿ ಸಂಚಾರ ನಿಷೇಧ’ ಅನ್ನೋ ಸುದ್ದಿ ವಾಟ್ಸಾಪಿನಲ್ಲಿ ಕಂಡರೆ ದೇವಿಮನೆ ಘಟ್ಟ ಅಂತ ತಿಳಿದು ಗಾಬರಿ ಆಗಬೇಡಿ. ಹಿಂದೆ ‘ಇ’ ಇದೆಯೋ ಇಲ್ಲವೋ ನೋಡಿ. ಹಾಗೆಯೇ 766ಸಿ ಅಂದ್ರೆ ಭಟ್ಕಳದವರ ನೆರೆಯ ಬೈಂದೂರಿನಿಂದ ಕೊಲ್ಲೂರು, ಹೊಸನಗರ, ಶಿಕಾರಿಪುರ ಮೇಲೆ ರಾಣೆಬೆನ್ನೂರಿಗೆ ಹೋಗುವುದು. ಒಂದು ಅಕ್ಷರದಲ್ಲಿ ಘಟ್ಟವೇ ಬದಲಾಗ್ತದೆ.

ಭಟ್ಕಳದವರಿಗೆ ಇನ್ನೊಂದು ಗೊಂದಲ ಉಂಟು. ಅದು ನಂಬರಿನದ್ದಲ್ಲ, ಊರಿನ ಹೆಸರಿನದ್ದು. 66ರ ಮೇಲೆ ನಮ್ಮ ಸುತ್ತಿನಲ್ಲಿ ಎರಡು ಶಿರೂರು. ಒಂದು ಭಟ್ಕಳ ದಾಟಿದ ಕೂಡಲೇ ಸಿಗುವ ಬೈಂದೂರು ತಾಲ್ಲೂಕಿನ ಶಿರೂರು, ಟೋಲ್ ಗೇಟ್ ಇರುವುದು ಅಲ್ಲಿ. ಇನ್ನೊಂದು ಅಂಕೋಲಾ ತಾಲ್ಲೂಕಿನ ಶಿರೂರು. 2024ರ ಜುಲೈ 16ಕ್ಕೆ ಗುಡ್ಡ ಕುಸಿದು ಜನ, ಲಾರಿ ಎಲ್ಲ ಗಂಗಾವಳಿ ಹೊಳೆಗೆ ಹೋದದ್ದು ಈ ಎರಡನೇದರಲ್ಲಿ. ‘ಹೆದ್ದಾರಿ 66, ಶಿರೂರು’ ಅಂತ ಇಷ್ಟೇ ಹೇಳಿದ್ರೆ ಒಬ್ಬರು ದಕ್ಷಿಣಕ್ಕೆ ನೋಡ್ತಾರೆ, ಇನ್ನೊಬ್ಬರು ಉತ್ತರಕ್ಕೆ. ನಂಬರೂ ಊರೂ ಎರಡೂ ಸರಿ ಇದ್ದರೂ ಜಾಗ ತಪ್ಪಬಹುದು. ಅದಕ್ಕೇ ತಾಲ್ಲೂಕು ಬರೆಯಬೇಕು ಅನ್ನೋದು.

ಈಗ ಜಮೀನಿನ ವಿಷಯಕ್ಕೆ ಬರುವ. ರಾಷ್ಟ್ರೀಯ ಹೆದ್ದಾರಿಗೆ ಜಾಗ ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ. ಮೊದಲು ‘3ಎ’ ಅನ್ನೋ ಅಧಿಸೂಚನೆ. ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಯಲ್ಲಿ ಹಾಕಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಅದು ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲಿಕ್ಕೆ ಇರುವುದು 21 ದಿನ. ಆಮೇಲೆ ‘3ಡಿ’ ಬಂದ್ರೆ ಜಾಗ ಕೇಂದ್ರ ಸರಕಾರದ್ದಾಯ್ತು. ‘3ಜಿ’ಯಲ್ಲಿ ಪರಿಹಾರದ ಲೆಕ್ಕ. ಆ ಲೆಕ್ಕ ಒಪ್ಪಿಗೆ ಆಗದಿದ್ರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು. 2015ರ ಜನವರಿ 1ರಿಂದ 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ಲೆಕ್ಕ ಹೆದ್ದಾರಿ ಜಮೀನಿಗೂ ಅನ್ವಯ ಆಗ್ತದೆ.

ಈ 21 ದಿನದಲ್ಲಿ ನಂಬರಿನ ಗೊಂದಲ ರೈತನಿಗೆ ಬರೋಬ್ಬರಿ ಹೊಡೀತದೆ. ಪೇಪರಿನಲ್ಲಿ ಸಣ್ಣ ಅಕ್ಷರದ ಪ್ರಕಟಣೆ. ಮೇಲೆ ಒಂದು ನಂಬರು, ಎರಡು ಕಿಲೋಮೀಟರ್ ಅಂಕಿ, ಕೆಳಗೆ ಸರ್ವೇ ನಂಬರುಗಳ ಪಟ್ಟಿ. 766ಇ ಅಂತ ಕಂಡ ಕೂಡಲೇ ‘ಇದ್ಯಾವುದೋ ಬೇರೆ ಕಡೆದು’ ಅಂತ ಕತಗಾಲದ ರೈತ ಪೇಪರು ಮಡಚಿಟ್ಟರೆ 21 ದಿನ ಹೋಯ್ತು. ಅವನ ತಲೆಯಲ್ಲಿ ಅದು ಶಿರಸಿ ರಸ್ತೆ. ಅಜ್ಜ, ಅಪ್ಪ ಹೇಳಿದ ಹೆಸರು ಅದೇ. ರಸ್ತೆಗೆ ಅವನು ಕೊಟ್ಟ ಹೆಸರು ತಪ್ಪಲ್ಲ. ಆದ್ರೆ ಕಾನೂನಿಗೆ ಆ ಹೆಸರು ಗೊತ್ತಿಲ್ಲ.

ಕಿಲೋಮೀಟರ್ ಅಂಕಿಯೂ ಪೂರ್ತಿ ನಂಬುವ ಹಾಗಿಲ್ಲ. ರಸ್ತೆ ಅಗಲ ಮಾಡುವಾಗ ತಿರುವು ನೇರ ಆಗ್ತದೆ, ಕೆಲವು ಕಡೆ ಬೈಪಾಸ್ ಬರ್ತದೆ. ಹಳೆ ಕಲ್ಲಿನ ಲೆಕ್ಕ ಒಂದು, ಹೊಸ ನಕ್ಷೆಯ ಲೆಕ್ಕ ಇನ್ನೊಂದು. ಎರಡಕ್ಕೂ ವ್ಯತ್ಯಾಸ ಇರ್ತದೆ. ನಂಬರು ಬದಲಾಗಬಹುದು, ಕಿಲೋಮೀಟರ್ ಸರಿಯಬಹುದು. ಗ್ರಾಮದ ಹೆಸರು, ಸರ್ವೇ ನಂಬರು, ಹಿಸ್ಸಾ ಇವೇ ನಮ್ಮ ಗೂಟ. ಪ್ರಕಟಣೆ ಯಾವ ಹೆದ್ದಾರಿಯದ್ದೇ ಇರಲಿ, ಮೊದಲು ಗ್ರಾಮದ ಹೆಸರು ಹುಡುಕಿ, ಆಮೇಲೆ ಸರ್ವೇ ನಂಬರು. ಹೆದ್ದಾರಿ ನಂಬರು ಕೊನೆಗೆ ಓದಿ. ಪೋಡಿ ಆಗಿ ಹಿಸ್ಸಾ ಬದಲಾದವರು ಹಳೆದು ಹೊಸದು ಎರಡನ್ನೂ ಹುಡುಕಬೇಕು.

ದಾರಿಯಲ್ಲಿ ಸಂಶಯ ಬಂದ್ರೆ ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ದರ್ಜೆ ಬದಲಾದ ರಸ್ತೆಯಲ್ಲಿ ಹಳೆ ಹಸಿರು ಕಲ್ಲು ಪೊದೆಯೊಳಗೆ ಉಳಿದಿದ್ದೂ ಉಂಟು, ಹಾಗಾಗಿ ಒಂದೇ ಕಲ್ಲು ನೋಡಿ ತೀರ್ಮಾನ ಬೇಡ.

ಯಾರಿಗೆ ಅರ್ಜಿ ಕೊಡುವುದು ಅನ್ನೋದೂ ಇದರ ಮೇಲೇ ನಿಂತಿದೆ. ರಾಜ್ಯ ಹೆದ್ದಾರಿ ಆದ್ರೆ ಲೋಕೋಪಯೋಗಿ ಇಲಾಖೆ. ರಾಷ್ಟ್ರೀಯ ಹೆದ್ದಾರಿ ಆದ್ರೆ ಎರಡು ದಾರಿ. ಕೆಲವು ರಸ್ತೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿ, ಕೆಲವು ಲೋಕೋಪಯೋಗಿ ಇಲಾಖೆಯದ್ದೇ ರಾಷ್ಟ್ರೀಯ ಹೆದ್ದಾರಿ ವಿಭಾಗದ ಕೈಯಲ್ಲಿ. ಕಾಮಗಾರಿಯ ಬೋರ್ಡಿನ ಮೇಲೆ ಯಾವ ಆಫೀಸಿನ ಹೆಸರು ಇದೆ ಅಂತ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತ, ಗುಡ್ಡ ಕುಸಿತ ಅಂತ ತುರ್ತು ಇದ್ದರೆ 1033ಕ್ಕೆ ಫೋನ್ ಮಾಡಬಹುದು.

ಕತ್ತರಿಸಿ ಇಟ್ಟುಕೊಳ್ಳುವವರಿಗೆ ಹಳೆದು ಹೊಸದು ಒಟ್ಟಿಗೆ:

ಕರಾವಳಿ ರಸ್ತೆ (ಕುಮಟಾ, ಹೊನ್ನಾವರ, ಭಟ್ಕಳ): ಹಳೆ ರಾಷ್ಟ್ರೀಯ ಹೆದ್ದಾರಿ 17, ಈಗ ರಾಷ್ಟ್ರೀಯ ಹೆದ್ದಾರಿ 66.

ಹೊನ್ನಾವರ, ಗೇರುಸೊಪ್ಪೆ, ಸಾಗರ, ಶಿವಮೊಗ್ಗ: ಹಳೆ ರಾಷ್ಟ್ರೀಯ ಹೆದ್ದಾರಿ 206, ಈಗ ರಾಷ್ಟ್ರೀಯ ಹೆದ್ದಾರಿ 69.

ಕುಮಟಾ, ದೇವಿಮನೆ, ಶಿರಸಿ: ಹಳೆ ರಾಜ್ಯ ಹೆದ್ದಾರಿ 69, ಈಗ ರಾಷ್ಟ್ರೀಯ ಹೆದ್ದಾರಿ 766ಇ.

ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ (ನಮ್ಮ ನೆರೆಯದ್ದು): ಹಳೆ ರಾಷ್ಟ್ರೀಯ ಹೆದ್ದಾರಿ 63, ಈಗ ರಾಷ್ಟ್ರೀಯ ಹೆದ್ದಾರಿ 52.

ಹಾವೇರಿ, ಹುಬ್ಬಳ್ಳಿ ಮೇಲೆ ಹೋಗುವ ಬೆಂಗಳೂರು ಪುಣೆ ರಸ್ತೆ: ಹಳೆ ರಾಷ್ಟ್ರೀಯ ಹೆದ್ದಾರಿ 4, ಈಗ 48. ಹಳೆ 48 ಅಂದ್ರೆ ಶಿರಾಡಿ ಘಾಟಿಯದ್ದು, ಅದು ಈಗ 75. ಇಲ್ಲೂ ಇಸವಿ ನೋಡಿಯೇ ಓದಬೇಕು.

ಈ ಎಲ್ಲ ನಂಬರು ನೋಡಿದ್ಮೇಲೆ ನನಗೆ ಅನಿಸಿದ್ದು ಇಷ್ಟು. ರಸ್ತೆಗೆ ಯಾವಾಗ್ಲೂ ದೂರದವರೇ ಹೆಸರಿಡ್ತಾರೆ. ಮುಂಬಯಿಯವರಿಗೆ ಅದು ಹತ್ತಿಯ ದಾರಿ, ಮೈಸೂರಿನವರಿಗೆ ಹೊನ್ನಾವರದ ದಾರಿ, ದಿಲ್ಲಿಯವರಿಗೆ ನಕ್ಷೆಯ ಮೇಲಿನ ಸರಿ ಬೆಸ ಗೆರೆ. ಅದು ತಪ್ಪು ಅಂತ ನಾನು ಹೇಳೂದಿಲ್ಲ. ದೇಶ ದೊಡ್ಡದು, ಒಂದು ಲೆಕ್ಕ ಬೇಕೇ ಬೇಕು. ಆದ್ರೆ ರಸ್ತೆ ಬದಿಯಲ್ಲಿ ಬದುಕುವವನಿಗೆ ಎರಡು ಲೆಕ್ಕವೂ ಗೊತ್ತಿರಬೇಕು, ಅವರದ್ದೂ ನಮ್ಮದೂ. ಅಜ್ಜನ ‘ಸರಕಾರಿ ಸಡಕು’, ಅಪ್ಪನ ಹದಿನೇಳು, ನಮ್ಮ ಅರವತ್ತಾರು ಮೂರೂ ಒಂದೇ ಅಂತ ತೋರಿಸುವ ಕಾಗದ ನಮ್ಮ ಮನೆಯಲ್ಲಿ ಮಾತ್ರ ಇರೂದು. ಹಳೆ ನಂಬರಿನ ಕಾಗದ ರದ್ದಿ ಅಂತ ಎಸೀಬೇಡಿ. ಒಂದು ಹಾಳೆಯಲ್ಲಿ ಗ್ರಾಮ, ಸರ್ವೇ ನಂಬರು, ಹಿಸ್ಸಾ, ರಸ್ತೆಯ ಎಲ್ಲ ಹಳೆ ಹೊಸ ನಂಬರು ಬರೆದು ಪಹಣಿಯ ಜೊತೆ ಇಡಿ. ಮುಂದೆ ಇನ್ನೊಂದು ನಂಬರು ಬಂದ್ರೆ ಅದೇ ಹಾಳೆಯ ಕೆಳಗೆ ಒಂದು ಸಾಲು ಸೇರಿಸಿದ್ರೆ ಸಾಕು.

ನಿಮ್ಮ ಮನೆಯ ಚಕ್ಕುಬಂದಿಯಲ್ಲಿ ಈ ರಸ್ತೆಗಳಿಗೆ ಬೇರೆ ಏನಾದರೂ ಹಳೆ ಹೆಸರು ಇದ್ದರೆ ಬರೆದು ತಿಳಿಸಿ. ಸರ್ವೇ ನಂಬರು ಮಾತ್ರ ಇಲ್ಲಿ ಹಾಕಬೇಡಿ, ಹೆಸರು ಸಾಕು.